ಗೋಧಿಯಿಲ್ಲದ ಊಟ

(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ನಾಡಿನ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸಕ್ಕೆ ನನಗಿಂತ ಸಮರ್ಥರಾದವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನು ಅಡಿಗೆಮನೆಯಿಂದ ಎದ್ದು ಬಂದವಳು, ಅಡಿಗೆಮನೆಯ ಮಾತನ್ನೇ ಆಡುತ್ತೇನೆ. ಪುಣೆಯಲ್ಲಿರುವ ನಮ್ಮವರ ಕೆಲವು ಮನೆಗಳಲ್ಲಿ ಈಗೀಗ ಒಂದು ಹೊಸ ಚಿಂತೆ ಹೊಕ್ಕಿದೆ. ಮಗುವಿಗೆ ಗೋಧಿ ಆಗದು ಎಂದು ಡಾಕ್ಟರು ಹೇಳಿದ್ದಾರೆ. ಇನ್ನು ಮೇಲೆ ಚಪಾತಿಯಿಲ್ಲ, ಪಾವ್ ಇಲ್ಲ, ಬ್ರೆಡ್ಡಿಲ್ಲ, ಬಿಸ್ಕತ್ತಿಲ್ಲ. ಹಾಗಾದರೆ ಕೂಸಿಗೆ ಹಾಕುವುದಾದರೂ ಏನು ಎಂದು ತಾಯಿ ಕೇಳುತ್ತಾಳೆ. ನನ್ನ ಮಾತೆಲ್ಲ ಆ ತಾಯಿಗೆ.

ಈ ಬೇನೆಗೆ ಸೀಲಿಯಾಕ್ ಎಂದು ಹೆಸರು. ಗೋಧಿಯಲ್ಲಿ ಗ್ಲೂಟೆನ್ ಎಂಬ ಜಿಗುಟಾದ ಅಂಶವಿದೆ. ಚಪಾತಿ ಹರಿಯದೆ ಹಿಗ್ಗುವುದೂ ಬ್ರೆಡ್ಡು ಉಬ್ಬುವುದೂ ಅದರಿಂದಲೇ. ಈ ಬೇನೆಯವರಿಗೆ ಅದೇ ಅಂಶ ಸಣ್ಣ ಕರುಳಿನ ಒಳಪದರನ್ನು ಕೆಡಿಸುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಮಗು ಬೆಳೆಯುವುದಿಲ್ಲ, ರಕ್ತ ಕಡಿಮೆಯಾಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಔಷಧಿಯೆಂಬುದಿಲ್ಲ, ಪಥ್ಯವೇ ಔಷಧಿ, ಅದೂ ಜೀವಮಾನವೆಲ್ಲ. ಗೋಧಿಯನ್ನೇ ಉಣ್ಣುವ ಉತ್ತರ ಹಿಂದುಸ್ಥಾನದಲ್ಲಿ ನೂರಕ್ಕೆ ಒಬ್ಬರಂತೆ ಇದು ಕಂಡುಬಂದಿದೆ. ಅನ್ನ ಉಣ್ಣುವ ದಕ್ಷಿಣದಲ್ಲಿ ಬಹಳ ಕಡಿಮೆ. ನಾವು ನಡುವಿನವರು.

ಇಲ್ಲಿಯೇ ಒಂದು ಎಚ್ಚರಿಕೆ. ನೆರೆಮನೆಯವರು ಹೇಳಿದರೆಂದು, ಪತ್ರಿಕೆಯಲ್ಲಿ ಓದಿದೆವೆಂದು ಗೋಧಿ ಬಿಡಬೇಡಿರಿ. ಮೊದಲು ರಕ್ತಪರೀಕ್ಷೆ, ಬೇಕಾದರೆ ಕರುಳಿನ ಪರೀಕ್ಷೆ, ಆಮೇಲೆ ಪಥ್ಯ. ಪರೀಕ್ಷೆಗೆ ಮುಂಚೆಯೇ ಗೋಧಿ ನಿಲ್ಲಿಸಿದರೆ ಬೇನೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋದೀತು. ಬೇನೆಯಿಲ್ಲದವರಿಗೆ ಗೋಧಿ ಒಳ್ಳೆಯ ಧಾನ್ಯವೇ. ಅದರ ಮೇಲೆ ನನಗೇನೂ ಹಗೆಯಿಲ್ಲ.

ಗೋಧಿಯೇ ಕಾರಣವೆಂಬುದು ತಿಳಿದದ್ದು ಹೇಗೆಂಬುದು ಕೇಳತಕ್ಕ ಕಥೆ. ಹಾಲೆಂಡಿನಲ್ಲಿ ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿದ್ದರು. ಅವರಿಗೆ ಮಹಾಯುದ್ಧಕ್ಕೆ ಮುಂಚಿನಿಂದಲೇ ಬ್ರೆಡ್ಡಿನ ಮೇಲೆ ಗುಮಾನಿ. 1944-45ರ ಚಳಿಗಾಲದಲ್ಲಿ ಆ ದೇಶಕ್ಕೆ ಬರ ಬಂತು. ಜನ ಟ್ಯುಲಿಪ್ ಹೂವಿನ ಗೆಡ್ಡೆ ತಿಂದು ಜೀವ ಹಿಡಿದರು. ಊರೆಲ್ಲ ಸೊರಗಿದಾಗ ಈ ಬೇನೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು! ಬರ ಕಳೆದು ಬ್ರೆಡ್ಡು ಮರಳಿದೊಡನೆ ಬೇನೆಯೂ ಮರಳಿತು. ಡಿಕೆಯವರು 1950ರಲ್ಲಿ ತಮ್ಮ ಪ್ರಬಂಧವನ್ನು ಒಪ್ಪಿಸಿದರು. ಬ್ರೆಡ್ಡೇ ಅನ್ನವಾಗಿದ್ದ ದೇಶದಲ್ಲಿ ಅದನ್ನು ಬಿಡಿಸುವುದೆಂದರೆ ಎಂಥ ಕಷ್ಟವೆಂದು ಊಹಿಸಿರಿ. ನಮಗೆ ಆ ಕಷ್ಟವಿಲ್ಲ; ಇದೆಯೆಂದು ನಾವೇ ಭಾವಿಸಿಕೊಂಡಿದ್ದೇವೆ.

ವಿಜಾಪುರ, ಕಲಬುರ್ಗಿ, ಸೊಲ್ಲಾಪುರಗಳ ಕಡೆಯಿಂದ ಬಂದವರು ನಮ್ಮಲ್ಲಿ ಎಷ್ಟೋ ಜನ. ನಮ್ಮ ಅಜ್ಜಿಯರ ಕಾಲಕ್ಕೆ ಗೋಧಿಯೆಂದರೆ ಹಬ್ಬದ ಹೋಳಿಗೆ. ದಿನದ ಊಟವೆಂದರೆ ಜೋಳ. 1956ರ ಪಿ.ಎಲ್. 480 ಒಪ್ಪಂದದ ತರುವಾಯ ಅಮೆರಿಕದ ಗೋಧಿ ರೇಶನ್ ಅಂಗಡಿಗೆ ಬಂತು. ಮುಂದೆ ಹಸಿರು ಕ್ರಾಂತಿಯ ನಮ್ಮ ಗೋಧಿಯೇ ಬಂತು. ಚಪಾತಿ ಮಾಡಲು ಸುಲಭ, ಡಬ್ಬಿಗೆ ಸುಲಭ, ನೋಡಲು ಬೆಳ್ಳಗೆ. ಜೋಳದ ರೊಟ್ಟಿ ಹಳ್ಳಿಯವರದೆನಿಸಿತು. ಈಗ ಅದೇ ರೊಟ್ಟಿಯನ್ನು ದೊಡ್ಡ ಹೋಟೆಲುಗಳಲ್ಲಿ ಬೆಲೆ ಕೊಟ್ಟು ಉಣ್ಣುತ್ತೇವೆ. ಇರಲಿ.

ಸೊಸೆಯಂದಿರು ನನಗೆ ಹೇಳುವುದಿಷ್ಟು: “ಅತ್ತಿ, ರೊಟ್ಟಿ ಬಡಿಯಲಿಕ್ಕೆ ಬರಂಗಿಲ್ಲರಿ, ಹರೀತದ.” ಹರಿಯಲೇಬೇಕು, ಜೋಳದಲ್ಲಿ ಗ್ಲೂಟೆನ್ ಇಲ್ಲವಲ್ಲ! ನಮ್ಮ ಹಿರಿಯರು ಅದಕ್ಕೆ ಎಸರಿನ ಉಪಾಯ ಕಂಡುಕೊಂಡಿದ್ದಾರೆ. ಕುದಿಯುವ ನೀರು ಬಿದ್ದೊಡನೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ. ಆ ಅಂಟೇ ರೊಟ್ಟಿಯನ್ನು ಹಿಡಿದು ನಿಲ್ಲಿಸುತ್ತದೆ. ತಣ್ಣೀರಿನಲ್ಲಿ ಕಲಸಿ ಚಪಾತಿಯಂತೆ ಲಟ್ಟಿಸಹೋದರೆ ಬ್ರಹ್ಮನಿಗೂ ಬಾರದು. ಹಿಟ್ಟು ಹೊಸದಿರಬೇಕು, ಹಳತಾದರೆ ಜಿಗಿ ಹೋಗುತ್ತದೆ, ರುಚಿಯೂ ಕಹಿ ತಿರುಗುತ್ತದೆ. ಒಂದೊಂದೇ ರೊಟ್ಟಿಯ ಹಿಟ್ಟನ್ನು ಅಂಗೈಯ ಬುಡದಿಂದ ಚೆನ್ನಾಗಿ ನಾದಿರಿ. ಅಂಚು ಸೀಳಿದರೆ ಒದ್ದೆಕೈ ಆಡಿಸಿರಿ. ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ನೀರು ಸವರಿರಿ, ನೀರು ಆರುವುದರೊಳಗೆ ತಿರುವಿರಿ. ಹತ್ತು ದಿನ ರೊಟ್ಟಿ ಕರ್ನಾಟಕದ ನಕಾಶೆಯಂತೆ ಬಂದೀತು. ಹನ್ನೊಂದನೆಯ ದಿನ ಉಬ್ಬೀತು. ಜೋಳ ಮಾತ್ರ ನೋಡಿ ತನ್ನಿರಿ: ಮಾರ್ಕೆಟ್ ಯಾರ್ಡಿನ ಭುಸಾರ ಅಂಗಡಿಗಳಲ್ಲಿ ಸೊಲ್ಲಾಪುರದ ಕಡೆಯ ಹಿಂಗಾರಿ ಮಾಲದಂಡಿ ಜೋಳ ಸಿಗುತ್ತದೆ, ರೊಟ್ಟಿಗೆ ಅದಕ್ಕಿಂತ ಮೇಲಾದುದನ್ನು ನಾನು ಕಂಡಿಲ್ಲ.

ಹಳೆ ಮೈಸೂರಿನವರಿಗೆ ನಾನೇನು ಹೇಳಲಿ? ಕನಕದಾಸರು ರಾಮಧಾನ್ಯಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕಡೆಗೆ ಕೆಡದೆ ಉಳಿದ ರಾಗಿಯನ್ನೇ ಗೆಲ್ಲಿಸಿದರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟು ಅಕ್ಕಿಯಲ್ಲಿ ಹತ್ತರ ಆಸುಪಾಸು. ಕರುಳು ಕೆಟ್ಟು ಎಲುಬು ಸೊರಗಿದ ಮಗುವಿಗೆ ಇದು ಸಣ್ಣ ಮಾತಲ್ಲ. ಇಂದು ನಾವು ಉಣ್ಣುವ ರಾಗಿಯ ಹಿಂದೆ ‘ರಾಗಿ ಲಕ್ಷ್ಮಣಯ್ಯ’ನವರಂಥವರ ದುಡಿಮೆಯಿದೆ. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಅವರು ತೆಗೆದ ತಳಿಗಳಿಗೆ ಇಂಡಾಫ್ ಎಂದೇ ಹೆಸರಾಯಿತು. ಇನ್ನು ಕರಾವಳಿಯವರ ನೀರುದೋಸೆ, ಒತ್ತುಶಾವಿಗೆಗಳಲ್ಲಿ ಗೋಧಿಯ ಸೋಂಕೇ ಇಲ್ಲ.

ಆದರೆ ಬರಿಯ ಜೋಳವನ್ನೇ ನಂಬಬಾರದು. ದಖ್ಖನದಲ್ಲಿ ಜೋಳ ಬಿಟ್ಟರೆ ಬೇರೆ ಗತಿಯಿಲ್ಲದ ಬಡವರಲ್ಲಿ ಪೆಲಾಗ್ರ ಎಂಬ ಚರ್ಮದ ಬೇನೆ ಕಾಣುತ್ತಿತ್ತು. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಹೊತ್ತಿಗೆ ಜೋಳದಲ್ಲಿರುವ ಲ್ಯೂಸಿನ್ ಎಂಬ ಅಂಶಕ್ಕೂ ಇದಕ್ಕೂ ಇರುವ ಸಂಬಂಧವನ್ನು ಮುಂದಿಟ್ಟರು. ಉಂಡು ಬಲ್ಲ ಮನೆಗಳಲ್ಲಿ ರೊಟ್ಟಿಯ ಜೊತೆ ಮಡಕೆಕಾಳಿನ ಪಲ್ಯ, ಝುಣಕ, ಶೇಂಗಾಹಿಂಡಿ, ಗುರೆಳ್ಳುಹಿಂಡಿ, ಅಗಸಿಹಿಂಡಿ, ಪುಂಡಿಪಲ್ಯ, ಹಸಿ ಮೆಂತ್ಯೆಸೊಪ್ಪು, ಗಟ್ಟಿ ಮೊಸರು ಇರುತ್ತಿದ್ದವು. ಇವು ನಾಲಗೆಯ ಚಪಲಕ್ಕೆ ಮಾತ್ರವಲ್ಲ. ಊಟದ ಅರ್ಧ ಬಲ ಇವುಗಳಲ್ಲಿಯೇ ಇದೆ.

ಪುಣೆಯವರಿಂದಲೂ ನಾವು ಕಲಿಯಬಹುದು. ಇಲ್ಲಿಯ ಏಕಾದಶಿಯ ಎಲೆಯನ್ನು ನೋಡಿರಿ: ವರಿಯ ಅನ್ನ, ರಾಜಗಿರಿಯ ಥಾಲಿಪೀಠ, ಶಿಂಗಾಡೆಯ ಹಿಟ್ಟು, ಶೇಂಗಾದ ಸಾರು. ಗೋಧಿಯ ಕಣವಿಲ್ಲ! “ಏಕಾದಶೀ, ದುಪ್ಪಟ್ ಖಾಶೀ” ಎಂದು ಅವರೇ ನಗುತ್ತಾರೆ. ಸಾಬೂದಾಣಿಯೊಂದನ್ನು ಮಾತ್ರ ನಾನು ಮೆಚ್ಚಲಾರೆ. ಹೊಟ್ಟೆ ತುಂಬುತ್ತದೆ, ಪಿಷ್ಟವಲ್ಲದೆ ಅದರಲ್ಲಿ ಹೆಚ್ಚೇನಿಲ್ಲ. ಭೋಗಿಯ ದಿನದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಅವರದೂ ಹೌದು, ನಮ್ಮದೂ ಹೌದು.

ಗೋಧಿ ಕದ್ದು ಬರುವ ದಾರಿಗಳನ್ನೂ ತಿಳಿದಿರಬೇಕು. ಮೊದಲನೆಯದು ಗಿರಣಿ. ಅವನು ಗೋಧಿ ಬೀಸಿದ ಕಲ್ಲಿನಲ್ಲಿಯೇ ನಿಮ್ಮ ಜೋಳ ಸುರಿಯುತ್ತಾನೆ. ಮಗುವಿಗೆ ಅಷ್ಟೇ ಸಾಕು. ನಾಲ್ಕು ಮನೆಯವರು ಕೂಡಿ ಒಂದು ಪುಟ್ಟ ವಿದ್ಯುತ್ ಗಿರಣಿ ಕೊಂಡು, ಅದಕ್ಕೆ ಗೋಧಿ ತೋರಿಸದಿರುವುದು ಉತ್ತಮ. ಎರಡನೆಯದು ಇಂಗು: ಬಹಳ ಡಬ್ಬಿಗಳಲ್ಲಿ ಗೋಧಿಯ ಹಿಟ್ಟು ಬೆರೆತಿರುತ್ತದೆ, ಚೀಟಿ ಓದಿರಿ. ರವೆ, ಶಾವಿಗೆ ಗೋಧಿಯೇ. ಖಪಲಿ ಗೋಧಿ ಹಳೆಯ ತಳಿ, ಏನೂ ಆಗದು ಎನ್ನುವವರಿದ್ದಾರೆ. ಅದರಲ್ಲಿಯೂ ಗ್ಲೂಟೆನ್ ಇದೆ, ಬಾರ್ಲಿಯಲ್ಲಿಯೂ ಇದೆ. 2023 ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವಾದ ಮೇಲಂತೂ ಅಂಗಡಿ ತುಂಬ ರಾಗಿಬಿಸ್ಕತ್ತು. ಎಷ್ಟೋ ಪೊಟ್ಟಣಗಳಲ್ಲಿ ಹೆಸರು ರಾಗಿ, ಹಿಟ್ಟು ಮೈದಾ.

ಇನ್ನು ರುಚಿಯ ಮಾತು. ನನಗೆ ಪರಿಚಯದ ಮನೆಯೊಂದರಲ್ಲಿ ಎಂಟು ವರ್ಷದ ಹುಡುಗನಿಗೆ ಈ ಪಥ್ಯ ಬಂತು. ಮೊದಲ ತಿಂಗಳು ಎಲ್ಲರ ತಾಟಿನಲ್ಲಿ ಚಪಾತಿ, ಅವನ ತಾಟಿನಲ್ಲಿ ರೊಟ್ಟಿ. ಹುಡುಗ ಅಳುತ್ತಿದ್ದ, ರೊಟ್ಟಿಯನ್ನು ಕಿಟಕಿಯಿಂದ ಒಗೆಯುತ್ತಿದ್ದ. ಅಜ್ಜಿ ಒಂದು ದಿನ ಚಪಾತಿಯ ಹಿಟ್ಟಿನ ಡಬ್ಬಿಯನ್ನೇ ಮನೆಯಿಂದ ಹೊರಗೆ ಹಾಕಿದಳು. ರಾತ್ರಿಯ ಊಟ ಎಲ್ಲರಿಗೂ ಒಂದೇ. ತಂದೆ ಗೊಣಗಿದ, ಆಮೇಲೆ ಉಂಡ. ಹುಡುಗನಿಗೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ, ಶೇಂಗಾಹಿಂಡಿ. ಶಾಲೆಯ ಡಬ್ಬಿಗೆ ಖಡಕ್ ರೊಟ್ಟಿ, ರಾಗಿದೋಸೆ, ನವಣೆಯ ಚಿತ್ರಾನ್ನ. ಖಡಕ್ ರೊಟ್ಟಿಯನ್ನು ಗೆಳೆಯರು ಹಪ್ಪಳವೆಂದು ಕಸಿದು ತಿನ್ನತೊಡಗಿದ ಮೇಲೆ ಅವನ ಅಳು ನಿಂತಿತು. ಮಕ್ಕಳ ನಾಲಗೆ ಒಂದೇ ಸಲಕ್ಕೆ ಒಲಿಯುವುದಿಲ್ಲ. ಹತ್ತು ಸಲ ಮುಂದಿಡಬೇಕು, ಗದರಬಾರದು, “ಪಾಪ, ಬೇನೆಯ ಕೂಸು” ಎಂದು ಅವನೆದುರು ಮರುಗಬಾರದು. ಡಿಸೆಂಬರ್ ಕಳೆದು ಜೋಳ ಹಾಲುಗಾಳಾದಾಗ ಮಕ್ಕಳನ್ನು ಸೀತನಿ ತಿನ್ನಲು ಹೊಲಕ್ಕೆ ಕರೆದೊಯ್ಯಿರಿ. ಇಲ್ಲಿಯವರು ಅದಕ್ಕೆ ಹುರಡಾ ಎನ್ನುತ್ತಾರೆ.

ಹೊತ್ತಾಯಿತು. ಹೊರಗಿನ ಪಡಸಾಲೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ನವಣೆಯ ಪಾಯಸ ಸಿದ್ಧವಿದೆ. ಹಿಟ್ಟು ಮನೆಯಲ್ಲಿಯೇ ಬೀಸಿದ್ದು, ಒಗ್ಗರಣೆಗೆ ಇಂಗು ಹಾಕಿಲ್ಲ. ಪಥ್ಯದ ಮಕ್ಕಳೂ ನಿಶ್ಚಿಂತೆಯಿಂದ ಉಣ್ಣಬಹುದು. ಅವರನ್ನು ಬೇರೆ ಸಾಲಿನಲ್ಲಿ ಕೂಡ್ರಿಸಬೇಡಿರಿ.