ಟೋಕನ್ನಿನಲ್ಲಿ ಜಾಗವಿಲ್ಲದ ಮಾತು

(ವಿಶ್ವ ಗ್ರಾಹಕರ ಹಕ್ಕುಗಳ ದಿನದ ಅಂಗವಾಗಿ ಬೆಂಗಳೂರಿನಲ್ಲಿ ಮಾಡಿದ ಭಾಷಣದ ಬರಹರೂಪ)



ಗ್ರಾಹಕರ ಹಕ್ಕುಗಳ ಬಗ್ಗೆ ಮಾತನಾಡಿ ಎಂದು ಕರೆ ಬಂದಾಗ ನಾನು ಹಿಂಜರಿದೆ. ಕಾಯ್ದೆ, ಕಲಮುಗಳನ್ನು ಬಿಡಿಸಿ ಹೇಳಬಲ್ಲ ವಕೀಲರು ಈ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆಮೇಲೆ ನನಗೇ ಆದ ಒಂದು ಅನುಭವ ನೆನಪಿಗೆ ಬಂತು. ಎರಡು ಇಡ್ಲಿ ಮತ್ತು ಒಂದು ಲೋಟ ಕಾಫಿಯ ಪ್ರಸಂಗ. ಅದನ್ನು ಮೊದಲು ಹೇಳಿ, ಅದರ ಹಿಂದಿರುವ ಚರಿತ್ರೆಯನ್ನು ತುಸು ಕೆದಕುತ್ತೇನೆ.

ನನ್ನ ತಾಯಿಗೆ ಸಕ್ಕರೆ ಕಾಯಿಲೆ. ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಹೊರಬಂದಾಗ ಅವರಿಗೆ ತಲೆ ಸುತ್ತುವಷ್ಟು ಹಸಿವಾಗಿತ್ತು. ಎದುರಿಗೇ ನಿಂತು ತಿನ್ನುವ ಒಂದು ತಿಂಡಿ ಹೋಟೆಲು. ಗಲ್ಲಾದಲ್ಲಿ ಹಣ ಕೊಟ್ಟು, ‘ಎರಡು ಇಡ್ಲಿ, ಒಂದು ಕಾಫಿ, ಸಕ್ಕರೆ ಬೇಡ’ ಎಂದೆ. ಟೋಕನ್ ಬಂತು. ಅದರಲ್ಲಿ ಇಡ್ಲಿ ಇತ್ತು, ಕಾಫಿ ಇತ್ತು. ‘ಸಕ್ಕರೆ ಬೇಡ’ ಎಂಬುದು ಇರಲಿಲ್ಲ. ‘ಕೌಂಟರಲ್ಲಿ ಹೇಳಿ ಸಾರ್’ ಎಂದರು. ಕೌಂಟರಿನಲ್ಲಿ ಹೇಳಿದೆ. ನನ್ನ ಹಿಂದೆ ಬಂದವರೆಲ್ಲ ತಟ್ಟೆ ಹಿಡಿದು ಹೋದರು. ಮನೆಗಳಿಗೆ ತಲುಪಿಸುವ ಹುಡುಗರು ಪೊಟ್ಟಣ ಹೊತ್ತು ಓಡಿದರು. ಅಮ್ಮ ಕಂಬಕ್ಕೆ ಒರಗಿ ನಿಂತಿದ್ದರು. ಕೊನೆಗೆ ನಮಗೆ ಬಂದದ್ದು ಒಂದು ಖಾರಾಬಾತ್, ಮತ್ತು ಸಕ್ಕರೆ ಹಾಕಿದ ಕಾಫಿ.

ಕೌಂಟರಿನ ಹುಡುಗ, ‘ಗಲ್ಲಾದಾಗ ಕೇಳ್ರಿ’ ಎಂದ. ಗಲ್ಲಾದವರು, ‘ಬಿಲ್ ಆಗೋಗಿದೆ, ಇಲ್ಲಿ ಏನೂ ಮಾಡಕ್ಕಾಗಲ್ಲ’ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರೂ ತಿರುಗಿ ನೋಡುವ ಹಾಗೆ ಆ ಹುಡುಗನ ಮೇಲೆ ಕೂಗಾಡಿದೆ. ಮ್ಯಾನೇಜರು ಬಂದರು, ಇಡ್ಲಿ ಬಂತು, ಸಕ್ಕರೆಯಿಲ್ಲದ ಕಾಫಿಯೂ ಬಂತು. ಗೆದ್ದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅದೇ ಹುಡುಗ ನಮ್ಮ ಮೇಜು ಒರೆಸಲು ಬಂದ. ರಾಯಚೂರು ಕಡೆಯವನಂತೆ. ತಲೆಯೆತ್ತದೆ ಮೆಲ್ಲಗೆ ಹೇಳಿದ: ‘ಅದನ್ನ ನನ್ನ ಪಗಾರದಾಗ ಮುರೀತಾರ್ರಿ ಸಾಹೇಬ್ರ.’ ಅಮ್ಮ ಇಡ್ಲಿಯ ತುಂಡನ್ನು ತಟ್ಟೆಯಲ್ಲೇ ಬಿಟ್ಟು ನನ್ನ ಮುಖ ನೋಡಿದರು.

ಇಲ್ಲಿ ತಪ್ಪು ಯಾರದು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಾವು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ, 1948ಕ್ಕೆ ಹೋಗಬೇಕು.

ಅಲ್ಲಿನ ಸ್ಯಾನ್ ಬರ್ನಾರ್ಡಿನೋ ಎಂಬ ಊರಿನಲ್ಲಿ ರಿಚರ್ಡ್ ಮತ್ತು ಮಾರಿಸ್ ಮ್ಯಾಕ್‌ಡೊನಾಲ್ಡ್ ಎಂಬ ಸಹೋದರರ ಒಂದು ಉಪಾಹಾರ ಗೃಹವಿತ್ತು. ಜನ ಕಾರಿನಲ್ಲೇ ಕೂತಿರುತ್ತಿದ್ದರು. ಪರಿಚಾರಿಕೆಯರು ಅಲ್ಲಿಗೇ ಬಂದು ಬೇಕಾದ್ದನ್ನು ಕೇಳಿ ತಂದುಕೊಡುತ್ತಿದ್ದರು. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೂ 1948ರಲ್ಲಿ ಸಹೋದರರು ಹೋಟೆಲನ್ನು ಕೆಲವು ತಿಂಗಳು ಮುಚ್ಚಿದರು. ಪರಿಚಾರಿಕೆಯರನ್ನು ತೆಗೆದರು, ಪಿಂಗಾಣಿ ತಟ್ಟೆಗಳ ಬದಲು ಕಾಗದ ತಂದರು, ತಿಂಡಿಗಳ ಪಟ್ಟಿಯನ್ನು 9ಕ್ಕೆ ಇಳಿಸಿದರು. ಅಡುಗೆಮನೆಯಲ್ಲಿ ಯಾರು ಎಲ್ಲಿ ನಿಂತು ಏನು ಮಾಡಬೇಕೆಂಬುದನ್ನು ಕಾರ್ಖಾನೆಯ ಹಾಗೆ ಗೊತ್ತುಪಡಿಸಿದರು. ಹ್ಯಾಂಬರ್ಗರಿನ ಬೆಲೆ 15 ಸೆಂಟ್ ಆಯಿತು. ಬೇಕಾದವರು ಕಾರಿನಿಂದಿಳಿದು ಕಿಟಕಿಯ ಬಳಿ ಬಂದು ಕೊಳ್ಳಬೇಕು.

ಆಗ ಏನಾಯಿತು ಗೊತ್ತೇ? ಹಳೆಯ ಗಿರಾಕಿಗಳು ಕಾರಿನಲ್ಲೇ ಕೂತು, ‘ಯಾಕೆ ಯಾರೂ ಬರುತ್ತಿಲ್ಲ?’ ಎಂದು ಹಾರ್ನ್ ಒತ್ತತೊಡಗಿದರು. ವ್ಯಾಪಾರ ಮೊದಮೊದಲು ಕುಸಿಯಿತು. ತ್ವರಿತ ಆಹಾರದ ಚರಿತ್ರೆ ಶುರುವಾದದ್ದೇ ಗ್ರಾಹಕನ ನಿರಾಶೆಯಿಂದ ಎನ್ನಬಹುದು. ಕ್ರಮೇಣ ಜನ ಹೊಂದಿಕೊಂಡರು. ಅಗ್ಗವಾಗಿ, ಬೇಗ, ಪ್ರತಿಸಲವೂ ಒಂದೇ ರುಚಿಯಲ್ಲಿ ಸಿಗುತ್ತದೆಂದಾಗ ಹಾರ್ನ್ ನಿಂತಿತು.

ನಮ್ಮ ಊರಿಗೆ ಈ ಬಗೆಯ ಏರ್ಪಾಡು ಬಂದದ್ದು ಬೇರೆ ದಾರಿಯಿಂದ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಆರಂಭಿಸಿದ ಕೆಫೆ ದರ್ಶಿನಿಯಿಂದ ‘ದರ್ಶಿನಿ’ ಎಂಬ ಹೆಸರು ಹಬ್ಬಿತು. ತಿಂಡಿ ನಮ್ಮದೇ, ಏರ್ಪಾಡು ಹೊಸದು. ಮೊದಲು ಹಣ, ಆಮೇಲೆ ಟೋಕನ್, ನಿಂತು ತಿನ್ನುವುದು, ಎದುರಿಗೇ ಕಾಣುವ ಅಡುಗೆಮನೆ. ಕುರ್ಚಿಯಿಲ್ಲ, ಸಪ್ಲೈಯರ್ ಇಲ್ಲ. ಆದ್ದರಿಂದಲೇ ಬೆಲೆ ಕಡಿಮೆ.

ನಾವು ಕಳೆದುಕೊಂಡದ್ದು ಆ ಸಪ್ಲೈಯರನ್ನು. ಹಳೆಯ ಉಡುಪಿ ಹೋಟೆಲುಗಳನ್ನು ಕಂಡವರಿಗೆ ಅವನು ಮರೆಯುವವನಲ್ಲ. ಇರುವ ತಿಂಡಿಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ನಾಲ್ಕು ಮೇಜುಗಳ ಬೇಡಿಕೆಯನ್ನು ನೆನಪಿನಲ್ಲೇ ಇಟ್ಟುಕೊಂಡು, ಒಳಗೆ ಕೂಗಿ ಹೇಳುವವನು. ‘ಅಜ್ಜನಿಗೆ ಸಕ್ಕರೆ ಬೇಡ’ ಎಂದು ಒಂದು ಸಲ ಹೇಳಿದರೆ ಮರುವಾರವೂ ಅವನಿಗೆ ಗೊತ್ತಿರುತ್ತಿತ್ತು. ಟೋಕನ್ನಿನಲ್ಲಿ ಜಾಗವಿಲ್ಲದ ಮಾತಿಗೆ ಅವನ ತಲೆಯಲ್ಲಿ ಜಾಗವಿತ್ತು.

ಹಾಗೆಂದು ಹಳೆಯ ಕಾಲಕ್ಕೆ ಆರತಿ ಎತ್ತಲು ನಾನು ಸಿದ್ಧನಿಲ್ಲ. ಜಾತಿ ನೋಡಿ ಜನರನ್ನು ಬೇರೆ ಬೇರೆ ಕೂರಿಸಿದ, ಕೆಲವರನ್ನು ಒಳಗೇ ಬಿಡದ ಹೋಟೆಲುಗಳು ನಮ್ಮಲ್ಲಿದ್ದವು. ಟೋಕನ್ನು ನಿಮ್ಮ ಕುಲಗೋತ್ರ ಕೇಳುವುದಿಲ್ಲ. ಕಲ್ಲಿನ ಮೇಜಿನ ಸುತ್ತ ಆಫೀಸರೂ ಆಟೋ ಚಾಲಕರೂ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಇದು ಸಣ್ಣ ಲಾಭವಲ್ಲ. ನಾವು ಪ್ರೀತಿಯಿಂದ ನೆನೆಯುವ ‘ಮಾಣಿ’ಯೂ ಅನೇಕ ಕಡೆ ಶಾಲೆಯಲ್ಲಿರಬೇಕಾದ ಮಗುವೇ ಆಗಿದ್ದ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂದು ಕೇಂದ್ರ ಸರ್ಕಾರ ನಿಷೇಧ ತಂದದ್ದು 2006ರ ಅಕ್ಟೋಬರಿನಲ್ಲಿ.

ಆದ್ದರಿಂದ ಹಳೆಯದನ್ನು ಮರಳಿ ತನ್ನಿ ಎಂದು ನಾನು ಕೇಳುತ್ತಿಲ್ಲ. ಹೊಸ ಏರ್ಪಾಡಿನಲ್ಲಿ ಏನು ಬಿಟ್ಟುಹೋಗಿದೆ ಎಂದಷ್ಟೇ ಕೇಳುತ್ತಿದ್ದೇನೆ.

ಕಾಯುವುದರ ಬಗ್ಗೆ ಡೇವಿಡ್ ಮೈಸ್ಟರ್ ಎಂಬುವರು 1985ರಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧ ಪ್ರಬಂಧವಿದೆ. ಎಷ್ಟು ಹೊತ್ತು ಕಾಯಬೇಕೆಂದು ತಿಳಿಯದಿದ್ದರೆ, ಯಾಕೆ ತಡವೆಂದು ಯಾರೂ ಹೇಳದಿದ್ದರೆ, ನಮ್ಮ ಹಿಂದೆ ಬಂದವರು ಮುಂದೆ ಹೋಗುತ್ತಿದ್ದರೆ ಅದೇ ಹತ್ತು ನಿಮಿಷ ಹೆಚ್ಚು ದೀರ್ಘವಾಗಿ ಕಾಣುತ್ತದೆ ಎಂಬುದು ಅವರ ವಾದದ ತಿರುಳು. ಆ ದಿನ ನನಗಾದದ್ದು ಈ ಮೂರೂ. ‘ಇಡ್ಲಿ ಇನ್ನೂ ಬೇಯ್ತಾ ಇದೆ, ಐದು ನಿಮಿಷ ಆಗುತ್ತೆ’ ಎಂದು ಒಬ್ಬರು ಹೇಳಿದ್ದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಆದರೆ ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಗಲ್ಲಾದವರ ಕೆಲಸ ಹಣ ಪಡೆಯುವುದು, ಹುಡುಗನ ಕೆಲಸ ತಟ್ಟೆ ಇಡುವುದು. ತಪ್ಪಾದರೆ ತಿದ್ದುವ ಅಧಿಕಾರ ಇಬ್ಬರಿಗೂ ಇಲ್ಲ. ಬೈಗುಳ ತಿನ್ನುವ ಜಾಗದಲ್ಲಿ ಮಾತ್ರ ಅವರನ್ನು ನಿಲ್ಲಿಸಲಾಗಿದೆ.

ಈಗ ಈ ದಿನದ ವಿಚಾರಕ್ಕೆ ಬರುತ್ತೇನೆ. ಮಾರ್ಚ್ 15 ಗ್ರಾಹಕರ ದಿನವಾದದ್ದು 1962ರ ಅದೇ ದಿನಾಂಕದಂದು ಅಧ್ಯಕ್ಷ ಕೆನಡಿಯವರು ಅಮೆರಿಕದ ಸಂಸತ್ತಿಗೆ ಕಳುಹಿಸಿದ ಸಂದೇಶದಿಂದ. ಅದರಲ್ಲಿ ಅವರು ನಾಲ್ಕು ಹಕ್ಕುಗಳನ್ನು ಹೆಸರಿಸಿದರು: ಸುರಕ್ಷತೆಯ ಹಕ್ಕು, ಮಾಹಿತಿಯ ಹಕ್ಕು, ಆಯ್ಕೆಯ ಹಕ್ಕು, ಮತ್ತು ತನ್ನ ಮಾತಿಗೆ ಕಿವಿಗೊಡಬೇಕೆಂದು ಕೇಳುವ ಹಕ್ಕು. ನಮ್ಮ ದೇಶದಲ್ಲಿ 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಅದರ ಬದಲಿಗೆ 2019ರ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಸೇವೆಯಲ್ಲಿ ಕೊರತೆಯಾದರೆ ನಾವು ವಾಸವಿರುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು. ಅದಕ್ಕೆ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಬಿಲ್ಲಿನಲ್ಲಿ ತಾನಾಗಿಯೇ ಸೇವಾ ಶುಲ್ಕ ಸೇರಿಸಬಾರದೆಂದು 2022ರಲ್ಲಿ ಹೊರಟ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ.

ಆದರೆ ಎರಡು ಇಡ್ಲಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ಯಾರು? ಬಹುಮಂದಿ ‘ಇನ್ನು ಈ ಹೋಟೆಲಿಗೆ ಬರಬಾರದು’ ಎಂದು ಸುಮ್ಮನೆ ಹೊರಟುಬಿಡುತ್ತಾರೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಪುಸ್ತಕದಲ್ಲಿ ಅತೃಪ್ತ ಗ್ರಾಹಕನಿಗೆ ಎರಡು ದಾರಿಗಳನ್ನು ಗುರುತಿಸಿದರು: ಬಿಟ್ಟುಹೋಗುವುದು ಅಥವಾ ದನಿಯೆತ್ತುವುದು. ಬಿಟ್ಟುಹೋದವನಿಂದ ಮಾಲೀಕನಿಗೆ ವ್ಯಾಪಾರ ಇಳಿದದ್ದು ಗೊತ್ತಾಗುತ್ತದೆಯೇ ಹೊರತು ಕಾರಣ ಗೊತ್ತಾಗುವುದಿಲ್ಲ. ಆದ್ದರಿಂದ ದನಿಯೆತ್ತಬೇಕು, ನಿಜ. ನಾನು ಎತ್ತಿದೆ. ಎತ್ತಿದ್ದು ತಪ್ಪು ವಿಳಾಸಕ್ಕೆ.

ಆ ಹುಡುಗನ ಮಾತಿಗೆ ಕಿವಿಗೊಡಬೇಕಾದವರು ಯಾರು? ಸಂಬಳದಿಂದ ಮನಸ್ಸಿಗೆ ಬಂದಂತೆ ಮುರಿಯಬಾರದು, ನಷ್ಟಕ್ಕೆಂದು ಮುರಿಯುವ ಮುನ್ನ ನೌಕರನಿಗೆ ವಿವರಣೆ ಕೊಡಲು ಅವಕಾಶವಿರಬೇಕು ಎಂಬ ತತ್ವವನ್ನು 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. ಆ ಕೌಂಟರಿನ ಹಿಂದೆ ಅದನ್ನು ಅವನಿಗೆ ಯಾರು ಹೇಳಿದ್ದಾರು?

ಹೋಟೆಲು ನಡೆಸುವ ಸ್ನೇಹಿತರು ಈ ಸಭೆಯಲ್ಲಿದ್ದರೆ ಅವರಲ್ಲಿ ನನ್ನ ಕೋರಿಕೆ ಇಷ್ಟೇ. ಟೋಕನ್ನಿನಲ್ಲಿ ‘ಸಕ್ಕರೆ ಬೇಡ’ ಎನ್ನುವುದಕ್ಕೊಂದು ಗೆರೆ ಇರಲಿ. ಒಂದು ತಟ್ಟೆ ತಿಂಡಿಯನ್ನು ಯಾರನ್ನೂ ಕೇಳದೆ ಬದಲಿಸಿಕೊಡುವ ಅಧಿಕಾರ ಕೌಂಟರಿನ ಹುಡುಗನಿಗಿರಲಿ. ಅದರ ಲೆಕ್ಕ ಹೋಟೆಲಿನದಾಗಲಿ, ಅವನ ಪಗಾರದ್ದಲ್ಲ. ವಯಸ್ಸಾದವರಿಗೆಂದು ಎರಡು ಕುರ್ಚಿ ಇರಲಿ. ಇನ್ನು ನಮ್ಮ ಪಾಲಿನದು: ದೂರನ್ನು ಮೆಲ್ಲಗೆ, ಆದರೆ ಬಿಡದೆ, ತೀರ್ಮಾನ ಮಾಡಬಲ್ಲವರ ಹತ್ತಿರ ಹೇಳೋಣ.

ಆ ದಿನ ಅಮ್ಮ ನನ್ನನ್ನು ಮ್ಯಾನೇಜರ ಬಳಿಗೆ ಮತ್ತೆ ಕಳಿಸಿದರು. ‘ಆ ಖಾರಾಬಾತ್‌ಗೂ ದುಡ್ಡು ಕೊಡ್ತೀನಿ, ಹುಡುಗನ ಸಂಬಳ ಮುರೀಬೇಡಿ’ ಎಂದೆ. ಅವರು ಹಣ ತೆಗೆದುಕೊಳ್ಳಲಿಲ್ಲ. ‘ಮುರಿಯಲ್ಲ ಬಿಡಿ ಸಾರ್’ ಎಂದರು. ಮುರಿದರೋ ಇಲ್ಲವೋ ನನಗೆ ತಿಳಿಯದು. ಎರಡು ವಾರ ಬಿಟ್ಟು ಹೋದಾಗ ಕೌಂಟರಿನಲ್ಲಿ ಬೇರೆ ಹುಡುಗನಿದ್ದ.