ಪೂಜಾವಸ್ತ್ರಕ್ಕೆ ನಮ್ಮ ತೋಟದ ಎಲೆ

(ಶತಮಾನೋತ್ಸವದ ಪೂಜಾವಸ್ತ್ರಗಳನ್ನು ಹೊಲಿಯಲು ಮುಂದೆ ಬಂದ ಮಹಿಳೆಯರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಹಬ್ಬಕ್ಕೆ ಸಿದ್ಧವಸ್ತ್ರಗಳನ್ನು ಕೊಂಡುತರೋಣವೆಂದು ಸಮಿತಿಯ ಕೆಲವರು, ಕೈಯಾರೆ ಹೊಲಿದುಕೊಡುವೆವೆಂದು ತಾವು. ಹೊಲಿಯುವುದಾದರೂ ಗೋಧಿತೆನೆ, ದ್ರಾಕ್ಷಿಗೊಂಚಲುಗಳಲ್ಲದೆ ನಮ್ಮ ತೋಟದ ಎಲೆಬಳ್ಳಿಗಳು ಬಲಿಪೀಠದ ಬಳಿ ಸಲ್ಲುವುವೇ ಎಂಬ ಶಂಕೆ ಹಿರಿಯರಲ್ಲಿದೆ. ಗೋಧಿ, ದ್ರಾಕ್ಷಿಗಳು ಪರಮಪ್ರಸಾದದ ಗುರುತುಗಳು. ಅವನ್ನು ಬಿಡಿರೆಂದು ನಾವು ಹೇಳೆವು. ಆದರೆ ಫ್ರಾನ್ಸಿನ ವೃದ್ಧರೊಬ್ಬರ ಕೆಲಸವನ್ನು ತಮ್ಮ ಮುಂದಿಡಬಯಸುತ್ತೇವೆ.

ಚಿತ್ರಕಲಾವಿದ ಆನ್ರಿ ಮಾತೀಸ್ 1941ರ ದೊಡ್ಡ ಶಸ್ತ್ರಚಿಕಿತ್ಸೆಯ ಬಳಿಕ ಹಾಸಿಗೆ, ಗಾಲಿಕುರ್ಚಿಗಳಲ್ಲೇ ಬಹುಕಾಲ ಕಳೆದರು. ಅವರ ಶುಶ್ರೂಷೆ ಮಾಡಿದ ತರುಣಿ ಮುಂದೆ ದೊಮಿನಿಕನ್ ಸಭೆ ಸೇರಿ ಸಿಸ್ಟರ್ ಜಾಕ್-ಮರಿ ಆದರು. ಆ ಸಿಸ್ಟರರ ನಿಮಿತ್ತವಾಗಿ ಮಾತೀಸರು ವಾನ್ಸ್ ಎಂಬ ಊರಿನ ಜಪಮಾಲೆಯ ಪ್ರಾರ್ಥನಾಲಯದ ಕೆಲಸವನ್ನು ಕೈಗೊಂಡರು. 1951ರ ಜೂನ್ 25ರಂದು ಅದರ ಪ್ರತಿಷ್ಠೆಯಾಯಿತು. ಅಲ್ಲಿನ ಯಾಜಕರ ಕಾಸುಲಗಳಿಗೆ, ಎಂದರೆ ಬಲಿಪೂಜೆಯಲ್ಲಿ ಎಲ್ಲಕ್ಕಿಂತ ಮೇಲೆ ತೊಡುವ ವಸ್ತ್ರಗಳಿಗೆ, ಮಾದರಿ ರಚಿಸಿದವರೂ ಅವರೇ. ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ, ಗೋಡೆಗೆ ಗುಂಡುಸೂಜಿಯಿಂದ ಚುಚ್ಚಿ, ಕಣ್ಣಿಗೆ ಒಪ್ಪುವವರೆಗೆ ಸ್ಥಳ ಬದಲಿಸುತ್ತಿದ್ದರು. ಹಾಗೆ ಶಿಲುಬೆಯ ಜೊತೆಯಲ್ಲಿ ಎಲೆ, ಕಡಲಪಾಚಿ, ಚಿಟ್ಟೆ, ಮೀನುಗಳ ಆಕಾರಗಳು ಪೂಜಾವಸ್ತ್ರವನ್ನೇರಿದವು. ಎಲೆಯ ನರನರವನ್ನೂ ಬಿಡಿಸುವ ಗೊಡವೆಗೆ ಅವರು ಹೋಗಲಿಲ್ಲ. ಆಕಾರವನ್ನು ಹಿಡಿದರು, ಬಣ್ಣವನ್ನು ಹಿಡಿದರು, ಅಷ್ಟೆ.

ತಾವು ಗಮನಿಸಬೇಕಾದುದು ಇದನ್ನೇ. ಅಂಗೈಯಗಲದ ಸೂಕ್ಷ್ಮ ಕಸೂತಿ ಹಿಂದಿನ ಸಾಲಿನ ಅಜ್ಜಿಗೆ ಕಾಣುವುದಿಲ್ಲ. ನಮ್ಮ ಹಿತ್ತಿಲ ದೀವಿಹಲಸಿನ ಎಲೆಯನ್ನು ನೋಡಿರಿ. ಎಷ್ಟು ಅಗಲ, ಅಂಚಿನಲ್ಲಿ ಎಷ್ಟು ಆಳವಾದ ಸೀಳುಗಳು! ಅದನ್ನು ಬೇರೆ ಬಟ್ಟೆಯಲ್ಲಿ ಕತ್ತರಿಸಿ, ಅಂಚು ಮಡಚಿ ಕೈಹೊಲಿಗೆ ಹಾಕಿದರೆ ಬಾಗಿಲ ಬಳಿ ನಿಂತವರಿಗೂ ಕಂಡೀತು. ಯಾಜಕನು ಕೈಯೆತ್ತಿ ಪ್ರಾರ್ಥಿಸುವಾಗ ಬಟ್ಟೆ ಭುಜದಿಂದ ಮಡಿಕೆಗೊಳ್ಳುವುದರಿಂದ ಎಲೆಯನ್ನು ಎದೆ, ಬೆನ್ನುಗಳ ನಡುವಿನಲ್ಲಿಡುವುದು ಲೇಸು. ಪಂಚಾಶತ್ತಮದ ಕೆಂಪಿಗೆ ಮೇ ತಿಂಗಳ ಗುಲ್‌ಮೊಹರ್ ಇದೆ. ತಪಸ್ಸುಕಾಲದ ಬಣ್ಣಕ್ಕಂತೂ ಕನ್ನಡವು ನೇರಳೆಹಣ್ಣಿನ ಹೆಸರನ್ನೇ ಇಟ್ಟಿದೆ. ಹಣ್ಣು ಮಾತ್ರ ಪಾಸ್ಖ ಕಳೆದ ಮೇಲೆ ಮಾಗುತ್ತದೆ.

ಇದೆಲ್ಲ ಧರ್ಮಸಭೆಯ ಕಟ್ಟಳೆಗೆ ಹೊರತಲ್ಲ. ಆಡಂಬರಕ್ಕಿಂತ ಉದಾತ್ತ ಸೌಂದರ್ಯವನ್ನು ಅರಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. ಪೂಜಾವಸ್ತ್ರಗಳಿಗೂ ಅದನ್ನು ಅನ್ವಯಿಸಿತು. ಆಯಾ ಪ್ರದೇಶದ ನೈಸರ್ಗಿಕ ನೂಲುಗಳನ್ನು ಬಳಸಲು ಪೂಜಾಗ್ರಂಥದ ನಿಯಮಗಳಲ್ಲಿ ಅನುಮತಿಯಿದೆ. ಜರಿ ತುಂಬಿದ ವಸ್ತ್ರದ ಭಾರ ಏಪ್ರಿಲ್ ಬಿಸಿಲಿನಲ್ಲಿ ಎಂತಹುದೆಂದು ಅದನ್ನು ಹೊತ್ತವರೇ ಬಲ್ಲರು!

ಸಿದ್ಧವಸ್ತ್ರಗಳ ಮಾತನ್ನು ಸದ್ಯಕ್ಕೆ ತಡೆಹಿಡಿಯುವಂತೆ ಸಮಿತಿಯವರನ್ನು ನಾವು ಕೇಳಿಕೊಂಡಿದ್ದೇವೆ. ತಾವು ಹಸಿರಿನಿಂದ ಆರಂಭಿಸಿರಿ. ಸಾಧಾರಣ ಕಾಲದ ಮೂವತ್ತಮೂರು ಮೂವತ್ತನಾಲ್ಕು ವಾರಗಳಿಗೂ ಅದೇ ಬಣ್ಣ. ಮುಂದಿನ ಭಾನುವಾರ ಪೂಜೆಯ ನಂತರ ತಮಗೆ ಒಪ್ಪಿದ ಎಲೆಗಳನ್ನೂ ಒಂದು ಕತ್ತರಿಯನ್ನೂ ತನ್ನಿರಿ. ಕಾಗದವನ್ನು ನಾವು ಒದಗಿಸುತ್ತೇವೆ.