ಸ್ಲೆಡ್ ಯಾಕೆ ಅಲುಗಲ್ಲ?

ಹೈರಾಕ್ಸ್ ಸ್ಪರ್ಧೆಯ ರೀಲ್ಸ್ ನೀವೂ ನೋಡಿರ್ತೀರಿ. ಪುರುಷರ ಓಪನ್ ವಿಭಾಗದಲ್ಲಿ ಸ್ಲೆಡ್ ಸೇರಿ 152 ಕೆ.ಜಿ.ಯನ್ನು 50 ಮೀಟರ್ ತಳ್ಳಬೇಕು. ಆಮೇಲೆ 103 ಕೆ.ಜಿ.ಯನ್ನು ಹಗ್ಗದಲ್ಲಿ ಅಷ್ಟೇ ದೂರ ಎಳೀಬೇಕು.

ಅಂಕಿ ನೋಡಿ ಹೆದರಬೇಡಿ. ಸ್ಲೆಡ್ಡನ್ನು ನಾವು ಎತ್ತೋದಿಲ್ಲ, ಜಾರಿಸ್ತೀವಿ. ಎದುರು ನಿಂತಿರೋದು ನೆಲದ ಘರ್ಷಣೆ. ಅದಕ್ಕೇ ಒಂದು ಜಿಮ್‌ನ ಟರ್ಫ್ ಮೇಲೆ ಸಲೀಸಾಗಿ ಹೋಗೋ ತೂಕ, ಇನ್ನೊಂದು ಕಡೆ ಜಪ್ಪಯ್ಯ ಅಂದ್ರೂ ಅಲುಗಲ್ಲ. ನಿಮ್ಮ ಶಕ್ತಿ ಕುಸಿದಿದೆ ಅಂದ್ಕೋಬೇಡಿ, ನೆಲ ಬೇರೆ ಅಷ್ಟೇ.

ನಿಂತ ಸ್ಲೆಡ್ಡನ್ನು ಕದಲಿಸೋಕೆ ಹೆಚ್ಚು ಬಲ ಬೇಕು, ಜಾರೋಕೆ ಶುರುವಾದ ಮೇಲೆ ಕಡಿಮೆ ಸಾಕು. ಪ್ರತಿ ಸಲ ನಿಂತಾಗಲೂ ಆ ಮೊದಲ ಕಷ್ಟ ಮತ್ತೆ ಪಡಬೇಕು. ಹಾಗಾಗಿ ನಾನು ಹೇಳೋದು ಇಷ್ಟೇ: ಚಿಕ್ಕ ಹೆಜ್ಜೆ ಇಡಿ, ನಿಲ್ಲಬೇಡಿ.

ತಳ್ಳುವಾಗ ಮೈ ಮುಂದಕ್ಕೆ ಬಾಗಲಿ, ಬೆನ್ನು ನೆಟ್ಟಗಿರಲಿ. ಕಂಬಗಳನ್ನು ಕೆಳಕ್ಕೆ ಅದುಮಿದ್ರೆ ನೆಲದ ಮೇಲಿನ ಒತ್ತಡ ಹೆಚ್ಚಿ, ಘರ್ಷಣೆಯೂ ಹೆಚ್ಚುತ್ತೆ. ಎಳೆಯೋದು ಉಲ್ಟಾ: ಹಗ್ಗ ನಿಮ್ಮ ಕಡೆ ಕೊಂಚ ಮೇಲಕ್ಕಿದ್ರೆ ಸ್ಲೆಡ್ ಸ್ವಲ್ಪ ಹಗುರ. ಬರೀ ತೋಳಿಂದ ಎಳೀಬೇಡಿ. ಹಿಂದಕ್ಕೆ ವಾಲಿ ಮೈತೂಕ ಬಳಸಿ.

ಕೊನೇ ಮಾತು, ಘರ್ಷಣೆ ಬರೀ ಶತ್ರು ಅಲ್ಲ. ಶೂ ಕೆಳಗೆ ಅದು ಇಲ್ಲದಿದ್ರೆ ಜಾರೋದು ಸ್ಲೆಡ್ ಅಲ್ಲ, ನೀವು! ಮತ್ತೆ ಸಿಗೋಣ.